ಮುಳ್ಳುಹಂದಿ ಹಾಕಿದ ನಿಯಮ

ಕಾಡಿನ ಪ್ರಾಣಿಗಳೆಲ್ಲ ಸೇರಿ ಒಂದು ವಿಕಿ ಮಾಡಿಕೊಂಡಿದ್ದವು. ಯಾವ ಕೆರೆಯಲ್ಲಿ ನೀರಿದೆ, ಎಲ್ಲಿ ಹುಲಿಯ ಸುಳಿವಿದೆ ಎಂದು ಅದರಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು, ತಿದ್ದಬಹುದಿತ್ತು. ಒಮ್ಮೆ ಮಂಗ ಗಡಿಬಿಡಿಯಲ್ಲಿ, ಬತ್ತಿದ ಕೆರೆ ತುಂಬಿದೆ ಎಂದು ಬರೆದುಬಿಟ್ಟಿತು. ವಿಕಿ ನೋಡಿಕೊಳ್ಳುತ್ತಿದ್ದ ಮುಳ್ಳುಹಂದಿ ಮೈಯ ಮುಳ್ಳೆಲ್ಲ ನಿಮಿರಿಸಿಕೊಂಡು, "ಒಮ್ಮೆಯಾದರೂ ತಪ್ಪು ಬರೆದವರು ಇನ್ನು ಮುಂದೆ ಏನನ್ನೂ ತಿದ್ದುವಂತಿಲ್ಲ" ಎಂದು ನಿಯಮ ಹಾಕಿತು.

ಮರುದಿನ ಜಿಂಕೆ ಏದುಸಿರು ಬಿಡುತ್ತ ಬಂತು.

"ಮುಳ್ಳುಹಂದಿಯಣ್ಣ, ಮೂಡಣ ಕೆರೆಗೆ ಹುಲಿ ಬಂದಿದೆ. ಪುಟದಲ್ಲಿ ನೋಡಿದರೆ 'ಇಲ್ಲಿ ಹುಲಿಯಿಲ್ಲ' ಅಂತಲೇ ಇದೆ. ತಿದ್ದಲು ಹೋದರೆ ನನಗೆ ಅನುಮತಿ ಇಲ್ಲವಂತೆ!"

"ಹೋದ ವರ್ಷ ನೀನು ನೆಲ್ಲಿಮರದ ಜಾಗ ತಪ್ಪು ಬರೆದಿದ್ದೆಯಲ್ಲ."

"ಹಾಗಾದರೆ ನೀವೇ ತಿದ್ದಿ."

ಮುಳ್ಳುಹಂದಿ ತಿದ್ದಲು ಹೋಗಿ ಕಕ್ಕಾಬಿಕ್ಕಿಯಾಯಿತು. "ನನಗೂ ಆಗುತ್ತಿಲ್ಲ! ನಾನೂ ಯಾವಾಗಲೋ ತಪ್ಪು ಬರೆದಿರಬೇಕು."

"ಆ ನಿಯಮವನ್ನಾದರೂ ತೆಗೆದುಹಾಕಿ."

"ಅದನ್ನು ತೆಗೆಯುವುದೂ ತಿದ್ದಿದ ಹಾಗೇ ಅಲ್ಲವೇ?"

"ಮತ್ತೆ ಅನುಮತಿ ಉಳಿದಿರುವುದು ಯಾರಿಗೆ?"

ಮುಳ್ಳುಹಂದಿ ಹುಡುಕಿ ಹುಡುಕಿ ಸುಸ್ತಾಯಿತು. ಕೊನೆಗೆ ಸಿಕ್ಕಿದ್ದು ಒಂದೇ ಹೆಸರು. ಇದುವರೆಗೆ ಒಂದಕ್ಷರವನ್ನೂ ಬರೆಯದೆ, ದಿನಾ ಎಲ್ಲ ಪುಟಗಳನ್ನೂ ಓದಿಕೊಂಡು ಹೋಗುತ್ತಿದ್ದ ಹುಲಿಯದು.