ಸಂಕಲ್ಪದ ಪಟ್ಟಿ

ಅಮ್ಮನವರ ಗುಡಿಯ ಭಜನಾ ಮಂಡಳಿಯನ್ನು ವನಜಾಕ್ಷಮ್ಮನವರು ಹದಿನೆಂಟು ವರ್ಷ ಭಕ್ತಿಯಿಂದ ನಡೆಸಿಕೊಂಡು ಬಂದಿದ್ದರು. ಆ ವರ್ಷ ಲಕ್ಷಾರ್ಚನೆ ಮಾಡಿಸುವುದೆಂದು ನಿಶ್ಚಯವಾಯಿತು. ಅರ್ಚನೆ ಮಾಡಿಸುವವರ ಹೆಸರು, ಗೋತ್ರ, ನಕ್ಷತ್ರಗಳನ್ನು ಅವರೇ ಒಂದು ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದುಕೊಂಡರು. ಜೊತೆಗೆ ಮನೆ ವಿಳಾಸ, ಫೋನ್ ನಂಬರು.

ಅರ್ಚಕರು ನಕ್ಕರು. "ಸಂಕಲ್ಪಕ್ಕೆ ಹೆಸರು, ಗೋತ್ರ, ನಕ್ಷತ್ರ ಸಾಕು ತಾಯಿ. ಮನೆ ನಂಬರು ಅಮ್ಮನವರಿಗೆ ಯಾಕೆ? ಅವಳೇನು ಆಟೋ ಮಾಡ್ಕೊಂಡು ಬರ್ತಾಳಾ?"

"ಅವಳು ಬರದಿದ್ರೂ ಪ್ರಸಾದ ಹೋಗಬೇಕಲ್ಲ ಸ್ವಾಮಿ" ಎಂದರು ವನಜಾಕ್ಷಮ್ಮ.

ಮಂಡಳಿಯಲ್ಲಿ ಸುಗುಣ ಎಂಬವಳಿದ್ದಳು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು, ಮಗಳೊಂದಿಗೆ ದೂರದ ಈ ಊರಿಗೆ ಬಂದು, ಬ್ಲೌಸ್ ಹೊಲಿದು ಬದುಕುತ್ತಿದ್ದಳು. ವಿಳಾಸ ಕೇಳಿದಾಗ ತಡವರಿಸಿದಳು.

"ಅಮ್ಮಾ, ನಾನಿಲ್ಲಿರೋದು ಅವರಿಗೆ ಗೊತ್ತಾಗಬಾರದು."

"ನನ್ನ ಪುಸ್ತಕ ಬಿಟ್ಟು ಎಲ್ಲಿಗೆ ಹೋಗುತ್ತೆ? ಹೇಳೇ."

ಸುಗುಣ ನಂಬಿ ಹೇಳಿದಳು. ಮಗಳ ನಕ್ಷತ್ರವನ್ನೂ ಬರೆಸಿದಳು.

ನಕ್ಷತ್ರ ತಪ್ಪಿದರೆ ಸಂಕಲ್ಪವೇ ತಪ್ಪೀತೆಂದು ವನಜಾಕ್ಷಮ್ಮನವರಿಗೆ ಭಯ. ಪಟ್ಟಿಯ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿದ್ದ ಮಂಡಳಿಯ ಪುಟಕ್ಕೆ ಹಾಕಿದರು. "ಎಲ್ಲರೂ ನೋಡಿ, ತಪ್ಪಿದ್ದರೆ ತಿಳಿಸಿ. ಅಮ್ಮನವರ ಸೇವೆ, ಹತ್ತು ಜನಕ್ಕೆ ಹಂಚಿ" ಎಂದು ಕೆಳಗೆ ಬರೆದರು. ಭಕ್ತರು ಹಂಚಿದರು. ಸುಗುಣಳ ನಕ್ಷತ್ರ ಸರಿಯಾಗಿತ್ತು. ವಿಳಾಸವೂ ಸರಿಯಾಗಿತ್ತು.

ಅರ್ಚನೆಯ ದಿನ ಸುಗುಣ ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾಳೆಂದು ಕೇಳಿ ವನಜಾಕ್ಷಮ್ಮ ಓಡಿದರು. ಅವಳ ಬಲಗೈ ಮುರಿದಿತ್ತು. ಕತ್ತರಿ ಹಿಡಿಯುವ ಕೈ.

"ಅವರು ಬಂದಿದ್ರು. ಫೋನಿನಲ್ಲಿ ಪಟ್ಟಿ ತೋರಿಸಿದ್ರು. ನಿಮ್ಮ ಅಕ್ಷರ ಅಂತ ನೋಡಿದ ತಕ್ಷಣ ಗೊತ್ತಾಯ್ತು."

"ದೇವರ ಕೆಲಸ ಅಂದ್ಕೊಂಡೆ ಕಣಮ್ಮ."

ಸುಗುಣ ಗೋಡೆಯ ಕಡೆ ತಿರುಗಿದಳು. "ದೇವರಿಗೆ ಹೇಳೋದನ್ನ ದೇವರಿಗೇ ಹೇಳ್ಬೇಕಿತ್ತು, ನಾನು."

ಮನೆಗೆ ಬಂದು ವನಜಾಕ್ಷಮ್ಮ ಫೋಟೋ ಅಳಿಸಿದರು. ಅಷ್ಟರಲ್ಲಿ ಅದು ಯಾರ ಯಾರ ಫೋನಿನಲ್ಲೋ ಇತ್ತು. ಅವರನ್ನೆಲ್ಲ ಹುಡುಕಿ ಅಳಿಸಿಸುವುದು ಯಾರಿಂದ ಸಾಧ್ಯ? ಸುಗುಣಳ ಕೈ ಮುರಿದು ಓಡಿಹೋದ ಗಂಡ ಪೊಲೀಸರಿಗೆ ಇನ್ನೂ ಸಿಕ್ಕಿರಲಿಲ್ಲ. ವಾರದೊಳಗೆ ಸುಗುಣ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ.

ಪ್ರಸಾದದ ಪೊಟ್ಟಣಗಳ ಮೇಲೆ ವನಜಾಕ್ಷಮ್ಮ ಒಂದೊಂದಾಗಿ ವಿಳಾಸ ಬರೆದರು. ಕೊನೆಯ ಪೊಟ್ಟಣದ ಮೇಲೆ ಸುಗುಣ ಎಂದು ಬರೆದರು, ನಕ್ಷತ್ರ ಬರೆದರು. ಮುಂದೆ ಬರೆಯಲು ಏನೂ ಇರಲಿಲ್ಲ. ಕುಂಕುಮ, ಕಲ್ಲುಸಕ್ಕರೆಯ ಆ ಪೊಟ್ಟಣ ಇಂದಿಗೂ ಅವರ ದೇವರಗೂಡಿನಲ್ಲೇ ಇದೆ. ದಿನವೂ ದೀಪ ಹಚ್ಚುವಾಗ ಕಣ್ಣಿಗೆ ಬೀಳುತ್ತದೆ.

ನೀತಿ: ಒಬ್ಬರು ನಂಬಿ ಹೇಳಿದ ವಿಳಾಸ, ಫೋನ್ ನಂಬರು ನಮ್ಮ ಸ್ವತ್ತಲ್ಲ. ಒಳ್ಳೆಯ ಕೆಲಸಕ್ಕೇ ಆದರೂ ಅವರನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬಾರದು. ಹಾಕಿದ್ದನ್ನು ನಾವು ಅಳಿಸಿದರೂ ಅದು ಅಳಿಯುವುದಿಲ್ಲ. ನಮ್ಮ ಮನೆ ಎಲ್ಲಿದೆಯೆಂದು ಭಗವಂತನಿಗೆ ಗೊತ್ತು, ಲೋಕಕ್ಕೆಲ್ಲ ಗೊತ್ತಾಗಬೇಕಾಗಿಲ್ಲ.