ಕುಂಬಳದ ಹೂವಿಗೆ ಕಾವಲು

"ಈ ಜೇನುತುಪ್ಪ ನನ್ನದು!" ಎಂದು ದೊರೆ ವೀರನಾಯಕ ಬೆರಳು ನೆಕ್ಕುತ್ತಲೇ ಗುಡುಗಿದ.

ಎದುರಿಗೆ ಸಣ್ಣಮ್ಮ ಕೈಮುಗಿದು ನಿಂತಿದ್ದಳು. ಪಾಪ, ಆರು ಮಡಕೆಯಲ್ಲಿ ಜೇನು ಸಾಕಿ ಹೊಟ್ಟೆ ಹೊರೆಯುವ ಹೆಂಗಸು. ಹೊಸ ತುಪ್ಪ ಅಂತ ಭಕ್ತಿಯಿಂದ ಒಂದು ಕುಡಿಕೆ ತಂದು ಒಪ್ಪಿಸಿದ್ದೇ ತಪ್ಪಾಯಿತು ನೋಡಿ!

"ನಿನ್ನ ಹುಳಗಳು ನನ್ನ ತೋಟದ ಕುಂಬಳದ ಹೂವಿಗೆ ನುಗ್ಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹೂವು ನನ್ನದಾದ ಮೇಲೆ ತುಪ್ಪವೂ ನನ್ನದೇ. ಕಳ್ಳ ಹುಳಗಳು! ಆರು ಮಡಕೆಯೂ ಅರಮನೆಗೆ ಬರಲಿ."

"ಬುದ್ಧೀ, ಮಡಕೆ ಹೋದರೆ ನನಗೆ ಇನ್ನೇನಿದೆ?" ಸಣ್ಣಮ್ಮ ಅತ್ತೇಬಿಟ್ಟಳು.

ಆಸ್ಥಾನದ ಚೆನ್ನಿಗಪ್ಪ ಕೆಮ್ಮಿದ. ಮಹಾ ಕಿಲಾಡಿ ಆಸಾಮಿ. ಅವನು ಕೆಮ್ಮಿದನೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಪ್ರಭು, ಮೊದಲು ಕಳ್ಳತನ ನಿಲ್ಲಲಿ. ಆಯುಧಪೂಜೆಯವರೆಗೆ ತೋಟದ ಕಾವಲು ನನಗೆ ಕೊಡಿ. ಒಂದೇ ಒಂದು ಹುಳ ಹೂವು ಮುಟ್ಟಿದರೂ ನನ್ನ ಜುಟ್ಟು ಬೋಳಿಸಿ. ಮಡಕೆಯ ಮಾತು ಆಮೇಲೆ."

"ಭೇಷ್!" ಎಂದ ದೊರೆ.

ಚೆನ್ನಿಗಪ್ಪ ಹಳೆಯ ಸೀರೆಗಳನ್ನೆಲ್ಲ ಹರಿದು ಒಂದೊಂದು ಮೊಗ್ಗಿಗೂ ಒಂದೊಂದು ಚೀಲ ಕಟ್ಟಿಸಿದ. ಹುಳಗಳು ಬಂದವು, ಸುತ್ತಿದವು, ಗುಡ್ಡದ ಹೂವಿನ ಕಡೆ ಹಾರಿದವು.

"ನೀನೂ ಅವರ ಕಡೆಯೇನಪ್ಪಾ?" ಎಂದು ಸಣ್ಣಮ್ಮ ಬೈದಳು.

"ಸ್ವಲ್ಪ ತಾಳವ್ವ."

ಆಯುಧಪೂಜೆ ಬಂತು. ಒಡೆಯಲು ಬೂದುಗುಂಬಳ ಬೇಕಲ್ಲ? ದೊರೆ ಪರಿವಾರದೊಡನೆ ತಾನೇ ತೋಟಕ್ಕೆ ಬಂದ. ಸಣ್ಣಮ್ಮನೂ ಬೇಲಿಯ ಬಳಿ ಬಂದು ನಿಂತಳು. ಬಳ್ಳಿ ಸೊಕ್ಕಿ ಹಬ್ಬಿದೆ, ಆದರೆ ಕಾಯಿ ಒಂದಾದರೂ ಇದ್ದರೆ ಕೇಳಿ! ಹೀಚುಗಳೆಲ್ಲ ಹಳದಿಯಾಗಿ ಉದುರಿಬಿದ್ದಿವೆ.

"ಅಯ್ಯಯ್ಯೋ! ನನ್ನ ಕುಂಬಳಕಾಯಿ ಯಾರು ಕದ್ದರೋ?"

"ಕಾಯಿ ಕಟ್ಟಿದ್ದರೆ ತಾನೇ ಪ್ರಭು ಕದಿಯುವುದು? ಹುಳ ಈ ಹೂವಿನ ದೂಳು ಆ ಹೂವಿಗೆ ಮೆತ್ತಿದರೇ ಕುಂಬಳ ಕಾಯಿ ಕಚ್ಚುವುದು. ಸಣ್ಣಮ್ಮನ ಜೇನು ಇಷ್ಟು ವರ್ಷ ನಿಮ್ಮ ಬಳ್ಳಿಗೆ ಸೂಲಗಿತ್ತಿಯಾಗಿತ್ತು. ನೀವು ಸೂಲಗಿತ್ತಿಯನ್ನೇ ಕಳ್ಳಿ ಅಂದಿರಿ, ನಾನು ಬಾಗಿಲು ಹಾಕಿದೆ."

"ಹಾಗಾದರೆ ನನ್ನ ಕಾಯಿ ಕಳೆದ ಕಳ್ಳ ಯಾರಯ್ಯಾ?"

"ಅದೇನು ಮಹಾ ಪ್ರಭು! ಕುಂಬಳಕಾಯಿ ಕಳ್ಳ ಅಂದರೆ..." ಎಂದು ಚೆನ್ನಿಗಪ್ಪ ರಾಗ ಎಳೆದ.

ಅದೇ ಹೊತ್ತಿಗೆ ದೊರೆಯ ಶಲ್ಯ ಜಾರಬೇಕೇ! ಅವನ ಕೈ ತಾನಾಗಿ ಹೆಗಲಿಗೆ ಹೋಯಿತು.

ಪರಿವಾರವೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡಿತು. ದೊರೆ ತನ್ನ ಕೈ ನೋಡಿದ, ಹೆಗಲು ನೋಡಿದ, ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟ.

"ಸಣ್ಣಮ್ಮಾ, ಮಡಕೆ ನಿನ್ನವೇ ತಾಯಿ. ತೋಟದೊಳಗೇ ತಂದಿಟ್ಟುಕೋ. ಚೆನ್ನಿಗಾ, ಮೊದಲು ಆ ಚೀಲಗಳನ್ನು ಬಿಚ್ಚಿಸೋ!"

"ಬಿಚ್ಚಿಸೋಣ ಪ್ರಭು. ಅದಕ್ಕೂ ಮೊದಲು ತಾವು ಹೆಗಲಿನಿಂದ ಕೈ ಇಳಿಸಿ."