ಕಂಬಳಿಯೊಳಗೆ ಕಿಡಿ ಹುಡುಕಿದ ಹುಸೇನಪ್ಪ

ಬಹಳ ಹಿಂದೆ, ಹೊಳೆಯ ನಡುಗಡ್ಡೆಯ ಮೇಲೊಂದು ಊರಿತ್ತಂತೆ. ಯಾವ ಕಾಲ ಅಂತ ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಹುಸೇನಪ್ಪ ಅನ್ನೋ ರಿಪೇರಿಯವನಿದ್ದನಂತೆ. ಪಂಪಿರಲಿ, ದೋಣಿಯಿರಲಿ, ಪೆಟ್ರೋಲ್ ಕುಡಿಯೋ ಹಳೇ ಎಂಜಿನ್ ಹಟ ಹಿಡಿದರೆ ಅವನನ್ನೇ ಕರೀತಿದ್ದರಂತೆ. ಕಿಡಿ ಹಾರಿಸೋ ಪ್ಲಗ್ ಬಿಚ್ಚಿ ಮೂಸಿ, ಇದಕ್ಕೆ ಅಜೀರ್ಣ, ಇದಕ್ಕೆ ಉಪವಾಸ ಅಂತಿದ್ದನಂತೆ. ಅವನು ಬೈದರೆ ಸಾಕು, ಸತ್ತ ಎಂಜಿನ್ನೂ ಎದ್ದು ಕೂರುತ್ತಿತ್ತಂತೆ. ಅವನ ಅತ್ತೆಯ ಮೇಲೆ ಮಾತ್ರ ಆ ವಿದ್ಯೆ ನಡೀಲಿಲ್ಲವಂತೆ.

ಒಂದು ವರ್ಷ ಹೊಳೆ ಊರೊಳಗೇ ಬಂತಂತೆ. ಕೊನೆಗುಳಿದ ಹತ್ತೊಂಬತ್ತು ಜನ ಅಂಬಿಗ ಯಂಕೋಬನ ದೋಣಿ ಹತ್ತಿದರು. ಅವರಲ್ಲಿ ಹುಸೇನಪ್ಪನೂ ಇದ್ದ, ಮಗಳು ಮಾಬವ್ವನೂ ಇದ್ದಳು. ನಡುಹೊಳೆಯಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಕೂಗಳತೆ ದೂರದಲ್ಲಿ ಬಂಡೆಗಳಿದ್ದವು. ನೀರು ಅವಕ್ಕೆ ಬಡಿಯೋ ಸದ್ದು ಎಲ್ಲರಿಗೂ ಕೇಳುತ್ತಿತ್ತಂತೆ.

ಅಂಬಿಗರಿಗೆ ಎಂಜಿನ್ ನಿಂತರೆ ಪ್ಲಗ್ಗೇ ಕಳ್ಳ. ಯಂಕೋಬ ಮೂರು ಪ್ಲಗ್ ಬದಲಿಸಿದ, ಎಂಜಿನ್ ಹತ್ತಿಸೋ ಹಗ್ಗ ಎಳೆದೆಳೆದು ಅಂಗೈ ಸುಲಿದುಕೊಂಡ.

“ಮಾವ, ಪ್ಲಗ್ ಹೊಸಾವು, ಆದ್ರೂ ಹತ್ತವಲ್ದು!”

“ಪ್ಲಗ್ಗಿಗೆ ಯಾಕ ಬೈತಿ? ಕಂಬಳಿ ತಾ ಇಲ್ಲಿ.”

“ಈಗ ಮಲಗ್ತಿಯೇನು?”

“ನಿನ್ನ ಜೋಡಿ ಮಲಗೂಕಿಂತ ಹೊಳಿ ಪಾಡ. ಹಗ್ಗ ಎಳಿ.”

ಹುಸೇನಪ್ಪ ಕಂಬಳಿ ಮುಸುಕು ಹಾಕಿ ಎಂಜಿನ್ ಮೇಲೆ ಬಗ್ಗಿದನಂತೆ. ಹಗಲ ಬೆಳಕಲ್ಲಿ ಕಾಣದ್ದು ಆ ಕತ್ತಲಲ್ಲಿ ಕಂಡಿತಂತೆ. ಪ್ಲಗ್ಗಿಗೆ ಹೋಗೋ ವೈರಿನ ರಬ್ಬರು ಬಿರಿದಿತ್ತು. ಕರೆಂಟು ಪ್ಲಗ್ಗಿಗೆ ಹೋಗದೆ, ನೀಲಿ ಹುಳದ ಹಾಗೆ ಒದ್ದೆ ಕಬ್ಬಿಣಕ್ಕೆ ಹಾರುತ್ತಿತ್ತು. ವೈರನ್ನು ದೂರ ಎತ್ತಿ ಹಿಡಿಯಬೇಕು. ಕಂಬಳಿಯೂ ತೊಯ್ದಿತ್ತು, ದೋಣಿಯಲ್ಲಿ ಒಣಗಿದ್ದು ಒಂದು ಚಿಂದಿಯೂ ಇರಲಿಲ್ಲ. ಅವನು ಬರಿಗೈಯಲ್ಲೇ ಹಿಡಿದನಂತೆ.

ಎಂಜಿನ್ ಹತ್ತಿತು. ಪ್ರತಿ ಕಿಡಿಗೂ ಅವನಿಗೊಂದು ಹೊಡೆತ.

“ಬಿಡಪ್ಪ, ನಾ ಹಿಡೀತೀನಿ” ಅಂದಳಂತೆ ಮಾಬವ್ವ.

“ಕೈ ಬದಲಿಸಿದ್ರ ಎಂಜಿನ್ ನಿಲ್ತೈತಿ. ಕುಂದ್ರು.”

ಯಂಕೋಬ ದೋಣಿಯ ಮೂತಿ ದಡದ ಕಡೆ ತಿರುಗಿಸಿದ.

ದಡ ಮುಟ್ಟಿತು. ಜನ ಧುಮುಕಿ ಓಡಿದರು. ಯಂಕೋಬ ಎಂಜಿನ್ ಬಂದ್ ಮಾಡಿ, ಮಾವ ಇಳಿಯೋ ಅಂದ. ಕಂಬಳಿ ಅಲುಗಲಿಲ್ಲ. ಮಾಬವ್ವ ಮುಸುಕು ಸರಿಸಿದಳು. ಬೆರಳು ಬಿಡಿಸೋಕೆ ಇಬ್ಬರು ಬೇಕಾದರಂತೆ. ಜೀವ ನಡುಹೊಳೆಯಲ್ಲೇ ಹೋಗಿತ್ತು, ಕೈ ಮಾತ್ರ ದಡದ ತನಕ ಬಂತು ಅಂತಾರೆ.

ಇವತ್ತಿಗೂ ಆ ಹೊಳೆಯಲ್ಲಿ ದೋಣಿ ದಡಕ್ಕೆ ಬಂದರೆ ಯಾರೂ ಓಡಿ ಇಳಿಯೋದಿಲ್ಲ. ಅಂಬಿಗ ಒಬ್ಬೊಬ್ಬರ ಹೆಸರು ಕರೀತಾನೆ. ಕೂತಲ್ಲಿಂದಲೇ ಎಲ್ಲರೂ ಓ ಅನ್ನಬೇಕು. ಕೊನೆಗೆ ಹುಸೇನಪ್ಪಾ ಅಂತ ಕೂಗಿ ಒಂದು ಉಸಿರು ಕಾಯ್ತಾನೆ. ಆಮೇಲೆ ಎಂಜಿನ್ ಬಂದ್ ಮಾಡ್ತಾನೆ.